ಮಣಿ ತೆಗೆದು ಮಾತಾಡು

"ನಾ ಸಾಲಿಗೆ ಹೋಗಂಗಿಲ್ಲವಾ. ಅಲ್ಲಿ ಗ್ವಾಡಿ ಸೀಟಿ ಹೊಡ್ಯಾಕತ್ತೈತಿ," ಎಂದಳು ಪಾರಿಜಾತ, ಪಕ್ಕದ ಗೋಡೆಯನ್ನು ತಟ್ಟಿ ತೋರಿಸುತ್ತ.

ನೀಲಾಂಬಿಕಾ ಮಗಳ ತಟ್ಟೆಗೆ ರೊಟ್ಟಿ ಹಾಕುತ್ತಿದ್ದಳು. ಅವಳ ಬಲಗಿವಿಯ ಹಿಂದೆ ಅಂಟಿಕೊಂಡಿದ್ದ ಮಣಿ ಅವಳಿಗಷ್ಟೇ ಕೇಳುವಂತೆ ಪಿಸುಗುಟ್ಟಿತು: "ಶಾಲೆ ತಪ್ಪಿಸುವ ಬಯಕೆ. ಕಾರಣ, ಗಣಿತದ ಭಯ. ಹೀಗೆ ಹೇಳಿ: ನಿನಗೆ ಹೆದರಿಕೆಯಾಗಿದೆ ಎಂದು ನನಗೆ ಅರ್ಥವಾಗುತ್ತದೆ. ನಿನ್ನ ಭಾವನೆಯನ್ನು ಗೌರವಿಸುತ್ತೇನೆ."

"ನಿನಗ ಹೆದರಿಕಿ ಆಗೇತಿ ಅಂತ ನನಗ ತಿಳೀತೈತಿ ಪಾರಿ," ಎಂದಳು ನೀಲಾಂಬಿಕಾ, ದನಿಯನ್ನು ಎಷ್ಟು ಬೇಕೋ ಅಷ್ಟು ಮೆತ್ತಗೆ ಮಾಡಿ. "ನಿನ್ನ ಭಾವನೆ ಭಾಳ ಮುಖ್ಯ."

"ಹೆದರಿಕಿ ಅಲ್ಲ. ಸೀಟಿ."

"ಒಪ್ಪಿಕೊಳ್ಳಲು ಮಗು ಸಮಯ ತೆಗೆದುಕೊಳ್ಳುತ್ತಿದೆ. ಅಪ್ಪಿಕೊಳ್ಳಿ," ಎಂದಿತು ಮಣಿ.

ನೀಲಾಂಬಿಕಾ ಅಪ್ಪಿಕೊಂಡಳು. ಎಂಟು ವರ್ಷದ ಹುಡುಗಿ ತಾಯಿಯ ತೋಳುಗಳ ನಡುವೆ ಒನಕೆಯ ಹಾಗೆ ನೆಟ್ಟಗೆ ನಿಂತಳು. ಆಮೇಲೆ ಬಿಡಿಸಿಕೊಂಡು ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟುಹೋದಳು. ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಇದು ನಡೆದದ್ದು ಎಳೆದನಿ ಎಂಬ ವ್ಯವಸ್ಥೆಯ ಕಾಲದಲ್ಲಿ. ಆಗ ಹುಬ್ಬಳ್ಳಿಯ ಪ್ರತಿ ಮಗುವಿನ ಕೊರಳಲ್ಲೂ ಅಂಗಿಯ ಗುಂಡಿಯಷ್ಟು ಅಗಲದ ಪದಕವೊಂದು ತೂಗುತ್ತಿತ್ತು. ಶಿಕ್ಷಕರೆಲ್ಲರ, ಹೆಚ್ಚುಕಡಿಮೆ ಎಲ್ಲ ತಂದೆತಾಯಿಗಳ ಕಿವಿಯ ಹಿಂದೆ ಜೋಳದ ಕಾಳಿನಷ್ಟು ಮಣಿ. ಪದಕ ಮಗುವಿನ ಮಾತನ್ನೂ ಉಸಿರನ್ನೂ ನಾಡಿಬಡಿತವನ್ನೂ ಆಲಿಸಿ, ಮಗುವಿನ ಮನಸ್ಸಿನಲ್ಲಿ ನಿಜವಾಗಿ ಏನಿದೆ ಎಂದು ಲೆಕ್ಕ ಹಾಕುತ್ತಿತ್ತು. ಆ ಅರ್ಥವನ್ನೂ, ಅದಕ್ಕೆ ಕೊಡಬೇಕಾದ ಅತ್ಯಂತ ಗೌರವದ ಉತ್ತರವನ್ನೂ ಮಣಿ ದೊಡ್ಡವರ ಕಿವಿಗೆ ತಲುಪಿಸುತ್ತಿತ್ತು. ಮಗು ಆಡಿದ ಮೂಲ ಮಾತು ಆ ಕ್ಷಣವೇ ಅಳಿಸಿಹೋಗುತ್ತಿತ್ತು. ಅದು ಮಗುವಿನ ಖಾಸಗಿತನಕ್ಕೆ ಕೊಡುವ ಮರ್ಯಾದೆ ಎಂದು ಎಲ್ಲರೂ ನಂಬಿದ್ದರು.

ಎಳೆದನಿ ಕೆಟ್ಟದ್ದೇನೂ ಆಗಿರಲಿಲ್ಲ. ಅದು ಬಂದ ಮೇಲೆ ಶಾಲೆಗಳಲ್ಲಿ ಕಿವಿ ಹಿಂಡುವುದು ನಿಂತಿತು. "ದಡ್ಡಮುಂಡೇದೆ" ಎಂಬ ಬೈಗುಳ ನಿಂತಿತು. ಪ್ರಶ್ನೆ ಕೇಳಿದ್ದಕ್ಕೆ ಅಂಗೈ ಮೇಲೆ ಪಟ್ಟಿಯ ಏಟು ತಿಂದು ಬೆಳೆದಿದ್ದ ನೀಲಾಂಬಿಕಾ, ಇನ್ನೊಂದು ಮಗುವಿಗೆ ಹಾಗಾಗಬಾರದೆಂದೇ ಈ ಕೆಲಸಕ್ಕೆ ಸೇರಿದವಳು. ಪದಕದ ಕಿವಿಯನ್ನು, ಅಂದರೆ ಅದು ಯಾವ ಸದ್ದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ರೂಪಿಸಿದ್ದು ಅವಳೇ. ಊರ ಹೊರಗಿನ ದಿಬ್ಬದ ಮೇಲೆ ಎಳೆದನಿ ಕೇಂದ್ರವಿತ್ತು. ಅದರ ನಿಯಂತ್ರಣ ಕೊಠಡಿಯಲ್ಲಿ ಅವಳ ಮೇಜು.

ಆ ದಿನ ಕೊಠಡಿಯ ದೊಡ್ಡ ನಕಾಶೆಯಲ್ಲಿ ಹಳೇ ಹುಬ್ಬಳ್ಳಿಯ ಒಂದು ಶಾಲೆ ಹಳದಿಯಾಗಿ ಹೊಳೆಯುತ್ತಿತ್ತು. ಅದು ಪಾರಿಯ ಶಾಲೆ. ಹಳದಿಯೆಂದರೆ ಮಕ್ಕಳು ಶಾಲೆಗೆ ಬರಲು ಒಪ್ಪುತ್ತಿಲ್ಲ ಎಂದರ್ಥ.

"ಒಂದು ವಾರದಿಂದ ಹೀಗೇ ಇದೆ," ಎಂದರು ಕೇಂದ್ರದ ನಿರ್ದೇಶಕ ಡಾ. ಕುಬೇರಪ್ಪ ಅಂಗಡಿ. ಎಂದೂ ದನಿ ಏರಿಸದ ಮನುಷ್ಯ; ಮಕ್ಕಳ ಮನಶ್ಶಾಸ್ತ್ರದಲ್ಲಿ ಅವರದು ದೊಡ್ಡ ಹೆಸರು. "ಕಲ್ಪನೆ, ಬೇಸರ, ಗಣಿತದ ಭಯ. ಮೂರನೇ ತರಗತಿಯಲ್ಲಿ ಇದು ಸಹಜ. ಸಮಾಧಾನದ ವಾಕ್ಯಗಳ ಹೊಸ ಗೊಂಚಲೊಂದನ್ನು ಇವತ್ತೇ ಕಳಿಸೋಣ."

"ಸರ್, ಮಕ್ಕಳು ನಿಜವಾಗಿ ಏನಂದ್ರು ಅಂತ ನೋಡಬಹುದಾ?"

ಅಂಗಡಿಯವರು ನಕ್ಕರು. "ಅಳಿಸಿಹೋದದ್ದನ್ನು ಹೇಗೆ ನೋಡ್ತೀರಿ? ಅಲ್ಲದೆ ಅವರ ಮಾತಿಗಿಂತ ಅರ್ಥ ಮುಖ್ಯ. ಅರ್ಥ ನಮ್ಮ ಹತ್ತಿರ ಇದೆಯಲ್ಲ."

ಆ ಮಾತು ನೀಲಾಂಬಿಕಾಳಿಗೆ ಸರಿಯೆನಿಸಿತು. ಇಷ್ಟು ವರ್ಷ ಅವಳೂ ಅದನ್ನೇ ಹೇಳಿಕೊಂಡು ಬಂದಿದ್ದಳು. ಆದರೂ ಮಧ್ಯಾಹ್ನವಿಡೀ ಅವಳಿಗೆ ನೆನಪಾಗುತ್ತಿದ್ದುದು ತನ್ನ ತೋಳಿನೊಳಗೆ ಒನಕೆಯ ಹಾಗೆ ನಿಂತ ಮಗಳ ಮೈ.

ಸಂಜೆ ಅವಳು ಗಂಡನ ಖಾನಾವಳಿಗೆ ಹೋದಳು. ಶಂಭುವಿನ ಖಾನಾವಳಿ ಶಾಲೆಯ ಹಿಂದಿನ ಓಣಿಯಲ್ಲೇ ಇತ್ತು: ದಪ್ಪ ಕಲ್ಲಿನ ಗೋಡೆಯ ಹಳೆಯ ಕಟ್ಟಡ, ಎರಡು ಉದ್ದನೆಯ ಕೋಣೆ, ಹಿಂದೆ ಒಲೆ. ಪಾರಿ ಮೂಲೆಯ ಮೇಜಿನಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಬಂದಾಗಿಂದ ತುಟಿ ಬಿಚ್ಚಿಲ್ಲ ನೋಡು," ಎಂದ ಶಂಭು. "ನಾನೂ ಕೇಳ್ದೆ. ಮಣಿ ಹೇಳಿದ್ದೆಲ್ಲಾ ಚಾಚೂ ತಪ್ಪದ ಹೇಳ್ದೆ. ಬಾಯಿಗೆ ಬೀಗಾ ಹಾಕ್ಕೊಂಡು ಕುಂತಾಳ."

ನೀಲಾಂಬಿಕಾ ಮಗಳ ಪಕ್ಕ ಕೂತಳು. "ಪಾರಿ, ಸಾಲ್ಯಾಗ ಏನಾತು?"

ಪಾರಿ ತಾಯಿಯ ಮುಖ ನೋಡಲಿಲ್ಲ. ಬಲಗಿವಿಯ ಹಿಂದೆ ನೋಡಿದಳು. ಮತ್ತೊಂದು ಶೇಂಗಾ ಸುಲಿದಳು.

"ಮೌನದ ಹಕ್ಕನ್ನು ಗೌರವಿಸಿ," ಎಂದಿತು ಮಣಿ. ನೀಲಾಂಬಿಕಾ ಗೌರವಿಸಿದಳು.

ಮರುದಿನ ಬೆಳಿಗ್ಗೆ, ಬಿಸಿಲು ಇನ್ನೂ ಏರುತ್ತಿರುವಾಗಲೇ, ಮೂರನೇ ತರಗತಿಯ ಮಕ್ಕಳು ತರಗತಿಗೆ ಹೋಗಲಿಲ್ಲ. ಕೊರಳ ಪದಕಗಳನ್ನು ಬಿಚ್ಚಿ ಬಾಗಿಲ ಮುಂದೆ ರಾಶಿ ಹಾಕಿ, ಅಂಗಳದ ಬೇವಿನ ಮರದಡಿ ಸಾಲಾಗಿ ಕೂತರು. ಮುಂದಿನ ಸಾಲಿನಲ್ಲಿ ಪಾರಿಜಾತ.

ಆ ಕಾಲದ ಬೇಸಿಗೆ ಗೊತ್ತಿದ್ದವರಿಗೆ ಇದು ಎಂಥ ಗಂಡಾಂತರವೆಂದು ತಿಳಿದೀತು. ಫೆಬ್ರವರಿ ಮುಗಿಯುವ ಮುಂಚೆಯೇ ಬಯಲುಸೀಮೆ ಕಾದ ಹಂಚಾಗುತ್ತಿತ್ತು. ಮಧ್ಯಾಹ್ನ ಮಕ್ಕಳು ಬಯಲಿನಲ್ಲಿರುವುದು ಕಾನೂನಿಗೇ ವಿರುದ್ಧ. ಅದಕ್ಕಾಗಿಯೇ ಪ್ರತಿ ಶಾಲೆಯಲ್ಲೂ ತರಗತಿಗೊಂದು ತಂಪುಕೋಣೆ ಕಟ್ಟಿದ್ದರು: ಅರ್ಧ ನೆಲದೊಳಗೆ ಹೂತಂತಿದ್ದ, ಕಿಟಕಿಯಿಲ್ಲದ ದೊಡ್ಡ ಕೊಠಡಿ. ಅದರ ಒಂದು ಗೋಡೆಯ ಹಿಂದೆ ಕೊಳವೆಗಳಲ್ಲಿ ಭಾರೀ ಒತ್ತಡದ ಇಂಗಾಲದ ಡೈಆಕ್ಸೈಡ್ ಹರಿಯುತ್ತ ಕೋಣೆಯನ್ನು ತಣ್ಣಗಿಡುತ್ತಿತ್ತು. ಮಕ್ಕಳು ನೆಲದ ಚಾಪೆಯ ಮೇಲೆ ಕೂರುತ್ತಿದ್ದರು, ಶಿಕ್ಷಕರು ನಿಂತು ಪಾಠ ಮಾಡುತ್ತಿದ್ದರು. ಕರಿಹಲಗೆಯ ಮೇಲ್ಗಡೆ, ಕೋಣೆಯ ಗಾಳಿ ಸುರಕ್ಷಿತವೆಂದು ತೋರಿಸುವ ಗಾಳಿಮಾಪಕದ ಹಸಿರು ದೀಪ.

ಅಂಗಡಿಯವರು ನೀಲಾಂಬಿಕಾಳನ್ನು ಕರೆದರು. "ನಿಮ್ಮ ಮಗಳೇ ಮುಂದಾಳು. ನೀವೇ ಹೋಗಿ. ಇಲ್ಲಿಂದ ನಾನೇ ಪ್ರತಿಯೊಂದು ಮಾತನ್ನೂ ನಿಮ್ಮ ಮಣಿಗೆ ಕೊಡ್ತೀನಿ. ಬಿಸಿಲು ಏರೋದರೊಳಗೆ ಮಕ್ಕಳು ಒಳಗಿರಬೇಕು."

ಶಾಲೆಯ ಅಂಗಳದಲ್ಲಿ ಶಾಕಿರಾ ಟೀಚರ್ ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು. ಮೂರನೇ ತರಗತಿ ಅವರದೇ. "ಎಲ್ಲಾ ಹೇಳಿ ನೋಡಿದೆರಿ ಮೇಡಂ. ಪದಕ ಇಲ್ಲದ ಅವರು ಏನಂತಾರ ಅಂತ ಹೆಂಗ ತಿಳೀಬೇಕು ನಾನು?"

ಆ ಪ್ರಶ್ನೆ ವಿಚಿತ್ರವೆಂದು ನೀಲಾಂಬಿಕಾಳಿಗೆ ಆಗ ಹೊಳೆಯಲಿಲ್ಲ. ಅವಳು ಮಕ್ಕಳ ಮುಂದೆ ಹೋಗಿ ನಿಂತಳು. ಕಿವಿಯಲ್ಲಿ ಅಂಗಡಿಯವರ ದನಿ ಇಳಿಯತೊಡಗಿತು.

"ಮಕ್ಕಳೇ," ಎಂದಳು, "ನೀವು ನಿಮ್ಮ ಅಸಮಾಧಾನವನ್ನ ಶಾಂತವಾಗಿ ತೋರಿಸಿದ್ದಕ್ಕ ನನಗ ಹೆಮ್ಮೆ ಐತಿ. ನಿಮಗ ಎರಡು ಆಯ್ಕೆ ಅದಾವ. ಈಗ ಒಳಗ ಹೋಗಬಹುದು, ಇಲ್ಲಾ ನೀರು ಕುಡದು ಒಳಗ..."

"ಅವ್ವಾ," ಎಂದಳು ಪಾರಿ, "ಮಣಿ ತಗದು ಮಾತಾಡು."

"ಪಾರಿ, ನಿನ್ನ ಸಿಟ್ಟು..."

"ನೀ ಮಾತಾಡಾಕತ್ತಿಲ್ಲ. ಅದು ಮಾತಾಡಾಕತ್ತೈತಿ. ಅದರ ಕೂಡ ನಮಗೇನೂ ಕೆಲಸಿಲ್ಲ. ತಗದರ ಹೇಳ್ತೀವಿ. ಇಲ್ಲಾ ಅಂದ್ರ ಇಲ್ಲೇ ಕುಂದ್ರತೀವಿ."

ಹಿಂದಿನ ಸಾಲಿನಿಂದ ಯಾರೋ "ಹೌದು, ಹೌದು" ಎಂದರು.

"ಬೇಡ," ಎಂದರು ಅಂಗಡಿಯವರು ಕಿವಿಯೊಳಗೆ. "ಸಂಪರ್ಕ ಕಡಿದುಕೊಳ್ಳಬೇಡಿ. ನಿಮ್ಮ ಸ್ವಂತ ಮಾತಿನಿಂದ ಮಗುವಿಗೆ ಗಾಯವಾಗಬಹುದು."

ನೀಲಾಂಬಿಕಾಳ ಕೈ ಕಿವಿಯ ಹತ್ತಿರ ಹೋಗಿ ನಿಂತಿತು. ಅವಳಿಗೆ ಭಯವಾಯಿತು. ಮಗಳು ಹುಟ್ಟಿದಂದಿನಿಂದ ಮಣಿಯಿಲ್ಲದೆ ಅವಳೊಡನೆ ಮಾತಾಡಿದ್ದು ನೆನಪಿಲ್ಲ. ಬರೀ ಕಿವಿಯಿಂದ ಮಗಳ ಮಾತು ಕೇಳಿದರೆ ತನಗೆ ಏನೂ ತಿಳಿಯದೆ ಹೋದರೆ?

ಮಣಿಯನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿದಳು. ನಿಂತವಳು ಮಣ್ಣಿನಲ್ಲಿ ಕೂತಳು. ಕೂತ ಮೇಲೆ ಮಕ್ಕಳ ಕಣ್ಣೂ ಅವಳ ಕಣ್ಣೂ ಒಂದೇ ಮಟ್ಟಕ್ಕೆ ಬಂದವು.

"ತಗದೆ," ಎಂದಳು. "ನನಗ ಏನ್ ಹೇಳಬೇಕು ಗೊತ್ತಿಲ್ಲ. ನೀವ ಹೇಳ್ರಿ."

ಮಕ್ಕಳು ಒಬ್ಬೊಬ್ಬರೇ ಶುರುಮಾಡಿದರು.

"ಗ್ವಾಡಿ ಸೀಟಿ ಹೊಡೀತೈತ್ರಿ. ಒಂದ ಸಮನ. ನಿಲ್ಲೂದ ಇಲ್ಲ."

"ಹಲ್ಲಿನ್ಯಾಗ ಸೂಜಿ ಚುಚ್ಚಿದಂಗ ಆಗ್ತೈತಿ."

"ಟೀಚರಿಗೆ ಕೇಳಸೂದಿಲ್ಲ. ಸುಳ್ಳ ಹೇಳಬ್ಯಾಡ ಅನ್ನೂದಿಲ್ಲ ಅವರು, 'ನಿನ್ನ ಕಲ್ಪನಾ ಭಾಳ ಚಂದ ಐತಿ' ಅಂತಾರ."

"ನೆಲಾ ತಲಿ ಹಿಡೀತೈತ್ರಿ. ಎದ್ದು ನಿಂತ್ರ ಬಿಡತೈತಿ."

"ಎದ್ದು ನಿಂತ್ರ ಬಿಡತೈತಿ?" ನೀಲಾಂಬಿಕಾ ಆ ಹುಡುಗಿಯ ಕಡೆ ತಿರುಗಿದಳು. "ಹಂಗಂದ್ರ ಏನವಾ? ಇನ್ನೊಮ್ಮೆ ಹೇಳು."

"ಚಾಪಿ ಮ್ಯಾಲ ಕುಂತ್ರ ತಲಿ ಭಾರ ಆಗ್ತೈತಿ. ನಿದ್ದಿ ಬಂದಂಗ. ಆದ್ರ ನಿದ್ದಿ ಅಲ್ಲ ಅದು. ಎದ್ದು ನಿಂತ್ರ ಹಗರ ಆಗ್ತೈತಿ."

ಪಾರಿ ತಾಯಿಯ ಮುಖವನ್ನೇ ನೋಡುತ್ತಿದ್ದಳು. "ಸೀಟಿ ಹೆಂಗ ಐತಿ ಅಂದ್ರ, ಸೊಳ್ಳಿ ದನಿ ಇರತೈತೆಲ್ಲ, ಅದಕ್ಕಿಂತ ಭಾಳ ಮ್ಯಾಲ. ಬಾಯಿಲೆ ತಗ್ಯಾಕ ಬರಂಗಿಲ್ಲ."

ನೀಲಾಂಬಿಕಾ ಎದ್ದು ತಂಪುಕೋಣೆಯ ಹೊರಗೋಡೆಗೆ ಕಿವಿ ಹಚ್ಚಿದಳು. ಏನೂ ಇಲ್ಲ. ಅವಳಿಗೆ ಕೇಳಿಸಿದ್ದು ಅಂಗಳದ ಬಿಸಿಗಾಳಿ ಮಾತ್ರ.

"ನನಗ ಕೇಳಸವಲ್ದು," ಎಂದಳು ತಿರುಗಿ. ಮಕ್ಕಳ ಮುಖ ಸಣ್ಣಗಾಯಿತು. "ನನಗ ಕೇಳಸವಲ್ದು, ನಿಮಗ ಕೇಳಸತೈತಿ. ಅಂದ್ರ ಅಲ್ಲಿ ಐತಿ."

ಅಷ್ಟು ಹೇಳಿದ ಮೇಲೆಯೇ ಅವಳ ತಲೆ ಓಡಿದ್ದು. ವಯಸ್ಸಾಗುತ್ತ ಹೋದಂತೆ ಮನುಷ್ಯರ ಕಿವಿ ಮೊದಲು ಕಳೆದುಕೊಳ್ಳುವುದು ಅತಿ ಎತ್ತರದ ಸ್ವರಗಳನ್ನು. ಎಂಟು ವರ್ಷದವರಿಗೆ ಕೇಳುವುದು ನಲವತ್ತರವರಿಗೆ ಕೇಳದು. ಪದಕಕ್ಕೂ ಅದು ಕೇಳದು. ಮಾತಿಗೆ ಬೇಕಾದ ಕಂಪನಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಗದ್ದಲವೆಂದು ಕತ್ತರಿಸಿ ಎಸೆಯುವಂತೆ ಅದನ್ನು ಅವಳೇ ಮಾಡಿದ್ದಳು. ಒತ್ತಡದ ಅನಿಲ ಕೂದಲೆಳೆಯಂಥ ಬಿರುಕಿನಿಂದ ನುಗ್ಗುವಾಗ ಎಬ್ಬಿಸುವುದು ಅಂಥದೇ ಸದ್ದು. ಆ ಅನಿಲ ಗಾಳಿಗಿಂತ ಭಾರ. ಕಿಟಕಿಯಿಲ್ಲದ ತಗ್ಗಿನ ಕೋಣೆಯಲ್ಲಿ ಅದು ನೀರಿನ ಹಾಗೆ ನೆಲದಲ್ಲಿ ನಿಲ್ಲುತ್ತದೆ. ನಿಂತವರಿಗೆ ಏನೂ ಆಗುವುದಿಲ್ಲ. ಕೂತವರಿಗೆ ತಲೆಭಾರ. ಮಲಗಿದವರಿಗೆ...

"ಎಲ್ಲಾರೂ ಹೊರಗ ಅದೀರೇನು?" ಎಂದಳು. ಅವಳ ದನಿಯಲ್ಲಿ ಈಗ ಮೆತ್ತಗಿನದು ಏನೂ ಇರಲಿಲ್ಲ.

"ಸಾವಂತ್ರಿ ಇಲ್ಲ," ಎಂದಳು ಪಾರಿ. "ಆಕಿ ತಡಾ ಮಾಡಿ ಬಂದ್ಲು. ಟೀಚರ್ ಒಳಗ ಕರಕೊಂಡು ಹೋದ್ರು."

ಶಾಕಿರಾ ಟೀಚರ್ ಮುಂದೆ ಬಂದರು. "ಸಾವಂತ್ರಿ ಆರಾಮ ಮಲಗ್ಯಾಳ್ರಿ. ಈಗ ನೋಡಿ ಬಂದೆ. ಮಣಿ ಹೇಳ್ತು, ಮಗು ಗಾಢ ವಿಶ್ರಾಂತಿಯೊಳಗೈತಿ, ಎಬ್ಬಿಸಬ್ಯಾಡ್ರಿ ಅಂತ. ಅದಕ್ಕ..."

ನೀಲಾಂಬಿಕಾ ಓಡಿದಳು. ಬಾಗಿಲಲ್ಲಿ ಪದಕಗಳ ರಾಶಿ ಕಾಲಿಗೆ ಸಿಕ್ಕು ಚೆಲ್ಲಾಪಿಲ್ಲಿಯಾಯಿತು. ಒಳಗೆ ಹಾಯೆನಿಸುವ ತಂಪು. ಹಲಗೆಯ ಮೇಲೆ ಹಸಿರು ದೀಪ. ಗೋಡೆಯ ಬುಡದ ಚಾಪೆಯ ಮೇಲೆ ತರಗತಿಯಲ್ಲೇ ಎಲ್ಲರಿಗಿಂತ ಪುಟ್ಟ ಹುಡುಗಿ ಮಗ್ಗುಲಾಗಿ ಮಲಗಿದ್ದಳು. ಎತ್ತಿಕೊಳ್ಳಲು ಬಗ್ಗಿದಾಗ ನೀಲಾಂಬಿಕಾಳ ಮೂಗಿಗೆ ಹುಳಿ ಚುಚ್ಚಿದಂತಾಗಿ ಉಸಿರು ಸಿಕ್ಕಿಕೊಂಡಿತು. ಬಾಯಿ ಬಿಗಿಹಿಡಿದು ಮಗುವನ್ನು ಎದೆಗೆ ಎಳೆದುಕೊಂಡಳು. ಸಾವಂತ್ರಿಯ ತುಟಿ ಕಂದಿತ್ತು, ಕೈ ಜೋಲಾಡುತ್ತಿತ್ತು. ಕೊರಳಲ್ಲಿ ಪದಕ ನೆಮ್ಮದಿಯ ನೀಲಿ ಬಣ್ಣದಲ್ಲಿ ಮಿನುಗುತ್ತಿತ್ತು.

ಹೊರಗೆ ಬೇವಿನ ನೆರಳಲ್ಲಿ ಮಲಗಿಸಿ, ಗದ್ದ ಮೇಲೆತ್ತಿ, ಬಾಯಿಂದ ಉಸಿರು ಕೊಟ್ಟಳು. ಮಕ್ಕಳು ಸುತ್ತ ಮುತ್ತಿಕೊಳ್ಳದೆ ಹಿಂದೆ ಸರಿದು ಗಾಳಿಗೆ ದಾರಿ ಬಿಟ್ಟರು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಾವಂತ್ರಿ ಒಮ್ಮೆ ಬಿಕ್ಕಿದಳು. ಮತ್ತೊಮ್ಮೆ. ಆಮೇಲೆ ಕೆಮ್ಮುತ್ತ, ವಾಂತಿ ಮಾಡಿಕೊಳ್ಳುತ್ತ, ಇಡೀ ಅಂಗಳಕ್ಕೆ ಕೇಳುವಂತೆ ಅತ್ತಳು. ಶಾಕಿರಾ ಟೀಚರ್ ಅಲ್ಲೇ ಕುಸಿದು ಕೂತು, ತಮ್ಮ ಕಿವಿಯ ಮಣಿಯನ್ನು ಕಿತ್ತು ದೂರ ಎಸೆದರು. "ನಾ ಎರಡ ಸಲ ನೋಡ್ಕೊಂಡು ಬಂದೆರಿ," ಎಂದರು. "ಎರಡ ಸಲ."

ಆಸ್ಪತ್ರೆಯ ಗಾಡಿ ಸಾವಂತ್ರಿಯನ್ನು ಕರೆದೊಯ್ದ ಹಿಂದೆಯೇ ಅಂಗಡಿಯವರ ಗಾಡಿ ಬಂತು. ಬಿಸಿಲು ಆಗ ನೆತ್ತಿಯ ಹತ್ತಿರವಿತ್ತು.

"ಒಂದು ಮಗುವಿಗೆ ಬಿಸಿಲಿನಿಂದ ತಲೆಸುತ್ತು ಬಂದಿದೆ," ಎಂದರು ಅವರು. "ಇನ್ನುಳಿದವರಿಗೂ ಬರುವ ಮುಂಚೆ ಒಳಗೆ ಕಳಿಸಿ. ಮಾಪಕ ಹಸಿರಿದೆ, ನಾನೇ ಕೇಂದ್ರದಿಂದ ನೋಡಿದ್ದೇನೆ."

ನೀಲಾಂಬಿಕಾ ತಂಪುಕೋಣೆಯ ಬಾಗಿಲಿಗೆ ಅಡ್ಡ ನಿಂತಳು. "ಆಕಿ ಬಿಸಿಲಾಗ ಇರಲಿಲ್ಲ ಸರ್. ಒಳಗ ಇದ್ಲು. ಒಂದು ಮಗೂನ್ನೂ ನಾ ಒಳಗ ಬಿಡಂಗಿಲ್ಲ."

"ಕಾನೂನು ಗೊತ್ತಲ್ಲ? ಹೊರಗಿಟ್ಟರೆ ಅಪರಾಧ. ಯಾವ ಪುರಾವೆಯ ಮೇಲೆ ತಡೀತಿದ್ದೀರಿ?"

"ಮಕ್ಕಳು ಹೇಳ್ಯಾರ."

"ಮಕ್ಕಳು ಗೋಡೆ ಸೀಟಿ ಹೊಡೀತದೆ ಅಂತ ಹೇಳಿದ್ದಾರೆ!"

"ಹೌದ್ರಿ. ಅದನ್ನ ಹೇಳ್ಯಾರ. ಒಂದು ವಾರದಿಂದ ಹೇಳಾಕತ್ತಾರ. ಪುರಾವೆ ಆಮ್ಯಾಲ ಹುಡಕೂಣು. ಮೊದಲ ಮಕ್ಕಳು ನೆರಳಿಗೆ."

ಅವಳು ಪಾರಿಯ ಕಡೆ ತಿರುಗಿದಳು. "ಎಲ್ಲಾರನೂ ಅಪ್ಪನ ಖಾನಾವಳಿಗೆ ಕರಕೊಂಡು ಹೋಗ್ತೀಯೇನು?"

"ಅಲ್ಲಿ ಗ್ವಾಡಿ ಸುಮ್ಮನ ಇರತಾವ," ಎಂದಳು ಪಾರಿ. ಮಕ್ಕಳು ಸಾಲು ಹಿಡಿದು ನಿರ್ದೇಶಕರ ಮುಂದೆಯೇ ನಡೆದುಹೋದರು. ಒಬ್ಬರೂ ಪದಕ ಎತ್ತಿಕೊಳ್ಳಲಿಲ್ಲ. ಶಾಕಿರಾ ಟೀಚರ್ ಕೊನೆಯ ಮಗುವಿನ ಕೈ ಹಿಡಿದು ಅವರ ಹಿಂದೆ ಹೋದರು. ಶಂಭು ಊಟಕ್ಕೆ ಕೂತವರನ್ನೆಲ್ಲ ಎಬ್ಬಿಸಿ ಕೋಣೆ ಖಾಲಿ ಮಾಡಿಸಿ, ನೆಲಕ್ಕೆ ನೀರು ಹೊಡೆದು, ಮಕ್ಕಳಿಗೆ ಮಜ್ಜಿಗೆ ಕೊಟ್ಟ. ಅರ್ಧ ಉಂಡು ಎದ್ದ ಗಿರಾಕಿಗಳು ಕೂಡ ಬೀಸಣಿಗೆ ಹಿಡಿದು ನಿಂತರಂತೆ.

ಅಂಗಡಿಯವರು ಸುಳ್ಳುಗಾರರಲ್ಲ. ತಾವು ಸರಿಯೆಂದು ತೋರಿಸಲು ಅವರೇ ಕೋಣೆಯೊಳಗೆ ಹೋದರು. ನೀಲಾಂಬಿಕಾ ಬಾಗಿಲಲ್ಲೇ ನಿಂತು, "ಮಾಪಕ ಕೆಳಗಿಳಸ್ರಿ ಸರ್. ಮಕ್ಕಳ ಮೂಗು ಎಲ್ಲಿರತೈತಿ ಅಲ್ಲಿ ಇಡ್ರಿ. ಉಸಿರು ಬಿಗಿ ಹಿಡೀರಿ," ಎಂದು ಕೂಗಿದಳು. ಅವರು ಕುರ್ಚಿ ಹತ್ತಿ ಕರಿಹಲಗೆಯ ಮೇಲಿಂದ ಮಾಪಕವನ್ನು ಬಿಡಿಸಿದರು. ಎದೆಮಟ್ಟದಲ್ಲಿ ಹಸಿರು. ಮೊಣಕಾಲ ಮಟ್ಟದಲ್ಲಿ ಹಳದಿ. ಚಾಪೆಯ ಮೇಲಿಟ್ಟರು. ಅದು ಕೆಂಪಗಾಗಿ ಕಿರುಚಿಕೊಂಡಿತು.

ಹೊರಗೆ ಬಂದ ಅಂಗಡಿಯವರ ಮುಖ ಸುಣ್ಣದಂತಾಗಿತ್ತು.

ಸಾವಂತ್ರಿ ಉಳಿದಳು. ಊರಿನ ತಂಪುಕೋಣೆಗಳನ್ನೆಲ್ಲ ತೆರೆದು ನೋಡಿದರು. ಇನ್ನೂ ಕೆಲವೆಡೆ ಕೊಳವೆ ಬಿರುಕು ಬಿಟ್ಟಿದ್ದವು. ಮಾಪಕಗಳೆಲ್ಲ ನೆಲಕ್ಕಿಳಿದವು. ಅಲ್ಲಿಗೆ ವಿಷಯ ಮುಗಿಯಿತೆಂದು ಎಳೆದನಿ ಕೇಂದ್ರ ತಿಳಿಯಿತು. ಅಂಗಡಿಯವರು ನೀಲಾಂಬಿಕಾಳನ್ನು ಕರೆದು, ಪದಕಕ್ಕೆ ಇನ್ನು ಮೇಲೆ ಎತ್ತರದ ಸದ್ದೂ ಕೇಳುವಂತೆ ಮಾಡೋಣ, 'ಗೋಡೆಯ ಸೀಟಿ' ಎಂಬುದನ್ನೂ ಅರ್ಥಗಳ ಪಟ್ಟಿಗೆ ಸೇರಿಸೋಣ, ಆ ಕೆಲಸ ನೀವೇ ಮಾಡಬೇಕು ಎಂದರು.

"ಮಾಡಂಗಿಲ್ಲ ಸರ್."

"ಯಾಕೆ? ಇನ್ನೊಮ್ಮೆ ಹೀಗಾಗಬಾರದಲ್ಲ?"

"ಮುಂದಿನ ಸಲ ಗ್ವಾಡಿ ಸೀಟಿ ಹೊಡ್ಯಂಗಿಲ್ಲ. ಇನ್ನೇನೋ ಆಗ್ತೈತಿ. ಅದನ್ನ ಯಾವುದೋ ಮಗು ತನ್ನ ಮಾತಿನ್ಯಾಗ ಹೇಳ್ತೈತಿ. ಆ ಮಾತು ನಮ್ಮ ಪಟ್ಟಿಯೊಳಗ ಇರಂಗಿಲ್ಲ. ನನ್ನ ಮಗಳು ಮುಂಜಾನಿ ರೊಟ್ಟಿ ಮುಂದ ಕುಂತು ಎರಡ ಸಲ ಹೇಳಿದ್ಲು. ನಾ ಭಾಳ ಮರ್ಯಾದೆ ತೋರ್ಸಿದೆ, ಮಾತು ಮಾತ್ರ ಕೇಳಿಸ್ಕೊಳ್ಳಲಿಲ್ಲ."

ಅವಳು ಕೆಲಸ ಬಿಡಲಿಲ್ಲ. ಬಿಟ್ಟು ಹೋಗೆಂದು ಸೂಚನೆ ಬಂದಾಗಲೂ ದಿನಾ ಹೋಗಿ ತನ್ನ ಮೇಜಿನಲ್ಲಿ ಕೂತಳು. ಕಿವಿಯ ಹಿಂದೆ ಮಣಿ ಮಾತ್ರ ಇರಲಿಲ್ಲ. ಮಕ್ಕಳಿಗೆ ಪದಕ ಕಡ್ಡಾಯವಾಗಿರುವುದನ್ನು ರದ್ದು ಮಾಡಿ ಎಂದು ಎಳೆದನಿಯ ಮೇಲ್ವಿಚಾರಣೆ ನಡೆಸುವ ಪ್ರಾಧಿಕಾರಕ್ಕೆ ದೂರು ಕೊಟ್ಟಳು.

ಮನೆಯಲ್ಲಿ ಎಲ್ಲವೂ ಸಲೀಸಾಗಿರಲಿಲ್ಲ. ಮಣಿಯಿಲ್ಲದ ಮೊದಲ ವಾರಗಳು ಕುಂಟುವವರ ನಡಿಗೆಯಂತಿದ್ದವು. ಒಂದು ಸಂಜೆ ಪಾರಿ ಒಲೆಯ ಹತ್ತಿರದ ಹಿಟ್ಟಿನ ಡಬ್ಬಿಯನ್ನು ಬೀಳಿಸಿದಾಗ ಶಂಭು, "ಕಣ್ಣ ಕಾಣಸೂದಿಲ್ಲೇನ ನಿನಗ? ಕತ್ತಿ!" ಎಂದು ಮಗಳನ್ನು ಕತ್ತೆಗೆ ಹೋಲಿಸಿ ಅರಚಿಬಿಟ್ಟ.

ಪಾರಿಯ ಕಣ್ಣು ತುಂಬಿತು. ಆದರೆ ಅಲ್ಲಿಂದ ಕದಲಲಿಲ್ಲ. "ನಾ ಕತ್ತಿ ಅಲ್ಲ. ಡಬ್ಬಿ ಅಂಚಿಗಿತ್ತು. ಇಟ್ಟಾಂವ ನೀನು."

ಶಂಭು ಬಾಯಿ ತೆರೆದ. ಕಿವಿಯ ಹಿಂದಿನಿಂದ ಯಾರೂ ಏನೂ ಹೇಳಿಕೊಡಲಿಲ್ಲ. ಹಿಟ್ಟು ಬಿದ್ದ ನೆಲ ನೋಡಿದ, ಮಗಳನ್ನು ನೋಡಿದ. "ಹೌದು," ಎಂದ ಕೊನೆಗೆ, ಕಷ್ಟಪಟ್ಟು. "ನಾನ ಇಟ್ಟಿದ್ದೆ. ಹಂಗ ಅನ್ನಬಾರದಿತ್ತು. ತಪ್ಪಾತು." ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತು ಹಿಟ್ಟು ಬಳಿದರು. ಎಷ್ಟೋ ವರ್ಷಗಳಿಂದ ಆ ಮನೆಯಲ್ಲಿ ಯಾರೂ ಯಾರನ್ನೂ ಬೈದಿರಲಿಲ್ಲ. ಯಾರೂ ಯಾರ ಕ್ಷಮೆಯನ್ನೂ ಕೇಳಿರಲಿಲ್ಲ. ನೀಲಾಂಬಿಕಾ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಒಂದು ಪೊರಕೆ ತಂದುಕೊಟ್ಟಳು.

ಮಳೆಗಾಲ ಹಿಡಿಯುವ ಹೊತ್ತಿಗೆ ವಿಚಾರಣೆ ನಡೆಯಿತು. ಪ್ರಾಧಿಕಾರದ ಐವರು ಸದಸ್ಯರು ಎತ್ತರದ ವೇದಿಕೆಯ ಮೇಲೆ ಕೂತಿದ್ದರು. ನಡುವೆ ಅಧ್ಯಕ್ಷೆ, ನಿವೃತ್ತ ನ್ಯಾಯಾಧೀಶೆ ಇಂದುಮತಿ ಬಿರಾದಾರ. ಎಲ್ಲರ ಕಿವಿಯ ಹಿಂದೆಯೂ ಮಣಿ. ಅಂಗಡಿಯವರು ತಮ್ಮ ವಾದ ಹೇಳಿದರು, ಪ್ರಾಮಾಣಿಕವಾಗಿಯೇ ಹೇಳಿದರು. ಎಳೆದನಿ ಹೋದರೆ ಏಟು, ಬೈಗುಳ ತಿರುಗಿ ಬರುತ್ತವೆ ಎಂದರು. ನೀಲಾಂಬಿಕಾ ಅದನ್ನು ಅಲ್ಲಗಳೆಯಲಿಲ್ಲ. "ಬರಬಹುದು," ಎಂದಳು. "ಬಂದ್ರ ಮಕ್ಕಳು ಹೇಳ್ತಾರ. ಆಗ ಕೇಳಾಕ ನಮ್ಮ ಕಿವಿ ಖಾಲಿ ಇರಬೇಕು."

ಆಮೇಲೆ ಪಾರಿಜಾತಳನ್ನು ಕರೆದರು. ಸಿಬ್ಬಂದಿಯೊಬ್ಬರು ಬೆಳ್ಳಿಯಂತೆ ಹೊಳೆಯುವ ಹೊಸ ಪದಕವನ್ನು ತಟ್ಟೆಯಲ್ಲಿಟ್ಟು ತಂದರು.

"ಇದನ್ನ ಹಾಕ್ಕೊಂಡು ಮಾತಾಡಬೇಕಮ್ಮಾ," ಎಂದರು ಮೊದಲ ಸದಸ್ಯರು. "ನೀನು ಹೇಳೋದು ನಮಗೆ ಸರಿಯಾಗಿ ಅರ್ಥ ಆಗಬೇಕಲ್ಲ."

ಪಾರಿ ಪದಕವನ್ನು ನೋಡಿದಳು. ಮುಟ್ಟಲಿಲ್ಲ. ವೇದಿಕೆಯ ಮೇಲಿನ ಐವರನ್ನೂ ಒಬ್ಬೊಬ್ಬರಾಗಿ ನೋಡಿ ಕೇಳಿದಳು:

"ನಾ ಕನ್ನಡದಾಗ ಮಾತಾಡತೇನ್ರಿ. ನಿಮಗ ಕನ್ನಡ ಬರತೈತೆಲ್ಲ?"

ಸಭಾಂಗಣದಲ್ಲಿ ಯಾರೋ ನಕ್ಕರು, ಕೂಡಲೇ ನಿಲ್ಲಿಸಿದರು. ಮೊದಲ ಸದಸ್ಯರು ನಿಯಮದ ಮಾತೆತ್ತಿದರು. ಪದಕವಿಲ್ಲದ ಸಾಕ್ಷ್ಯವನ್ನು ದಾಖಲಿಸಲು ಬರುವುದಿಲ್ಲ ಎಂದರು. ಪಾರಿ ಕೈ ಕಟ್ಟಿಕೊಂಡು ನಿಂತಳು. ಅವಳ ಹಿಂದಿನ ಬೆಂಚುಗಳಿಂದ ಮೂರನೇ ತರಗತಿಯ ಮಕ್ಕಳು ಒಬ್ಬೊಬ್ಬರೇ ಎದ್ದು ನಿಂತರು. ಸಾವಂತ್ರಿ ಕಾಣಿಸುವಷ್ಟು ಎತ್ತರವಿರಲಿಲ್ಲವಾದ್ದರಿಂದ ಬೆಂಚಿನ ಮೇಲೆಯೇ ಹತ್ತಿ ನಿಂತಳು. ಶಾಕಿರಾ ಟೀಚರ್ ಎದ್ದರು. ನೀಲಾಂಬಿಕಾ ಏಳಲಿಲ್ಲ, ಮಗಳಿಗೆ ಏನನ್ನೂ ಹೇಳಿಕೊಡಲೂ ಇಲ್ಲ; ಮಾತು ಮಗಳದಾಗಿತ್ತು.

ಇಂದುಮತಿ ಬಿರಾದಾರ ಆ ಹುಡುಗಿಯನ್ನು ನೋಡಿದರು. ಆಮೇಲೆ ಎದ್ದು, ವೇದಿಕೆಯ ಮೆಟ್ಟಿಲು ನಿಧಾನವಾಗಿ ಇಳಿದು ಬಂದು, ಪಾರಿಯ ಎದುರಿನ ಕುರ್ಚಿ ಎಳೆದು ಕೂತರು. ಕಿವಿಯ ಮಣಿಯನ್ನು ತೆಗೆದು ಪದಕದ ತಟ್ಟೆಯಲ್ಲಿ ಹಾಕಿದರು.

"ನನಗ ಕಿವಿ ಸ್ವಲ್ಪ ಮಂದ," ಎಂದರು. "ಜೋರಾಗಿ ಹೇಳಬೇಕು. ತಿಳೀದಿದ್ರ ತಿರುಗಿ ಕೇಳ್ತೀನಿ. ನಡೀತೈತೇನು?"

"ನಡೀತೈತ್ರಿ," ಎಂದಳು ಪಾರಿ. "ನಾ ಹೇಳೂದು ಮುಗಿಯೂತನಕ ನಡಕ ಮಾತಾಡಬಾರದು ಮತ್ತ."

"ಮಾತಾಡಂಗಿಲ್ಲ."

ಪಾರಿ ಒಮ್ಮೆ ಉಸಿರೆಳೆದುಕೊಂಡು ಹೇಳತೊಡಗಿದಳು. ಮೇಲೆ ಉಳಿದಿದ್ದ ನಾಲ್ವರಲ್ಲಿ ಇಬ್ಬರು ಮಾತ್ರ ಆವತ್ತು ಮಣಿ ತೆಗೆದರು. ಅಷ್ಟೇ ಸಾಕಾಯಿತು. ಅಧ್ಯಕ್ಷೆಯನ್ನೂ ಸೇರಿಸಿ ಆ ಮೂವರ ಬಹುಮತದಿಂದ ಪದಕದ ಕಡ್ಡಾಯ ಬಿದ್ದುಹೋಯಿತು.